ಫಾಸ್ಫೇಟ್ ಬಾಗಿಲು ತೆರೆಯಿತೇ, ಮುಚ್ಚಿತೇ? ನ್ಯೂಕ್ಲಿಯಸ್‌ಗೆ ಹೋಗುವ ಪ್ರೋಟೀನಿನ ಮೇಲೆ ಕೈನೇಸ್‌ಗಳ ಹಿಡಿತ ಪತ್ತೆಹಚ್ಚುವ ದಾರಿ

ಮೈಕ್ರೋಸ್ಕೋಪ್ ಕೆಳಗೆ ಒಂದು ಜೀವಕೋಶ. ಹಸಿರಾಗಿ ಹೊಳೆಯುವ ಪ್ರೋಟೀನ್ ಸೈಟೋಪ್ಲಾಸಂ ತುಂಬ ಹರಡಿದೆ. ನಡುವೆ ನ್ಯೂಕ್ಲಿಯಸ್ ಇರುವ ಜಾಗ ಮಾತ್ರ ಕಪ್ಪು ಗುಂಡಿಯ ಹಾಗೆ ಕಾಣುತ್ತದೆ. ಒಂದು ಕೈನೇಸನ್ನು, ಅಂದರೆ ಪ್ರೋಟೀನಿಗೆ ಫಾಸ್ಫೇಟ್ ಕೂರಿಸುವ ಕಿಣ್ವವನ್ನು, ತಡೆಯುವ ಔಷಧಿ ಹಾಕುತ್ತೀರಿ. 20 ನಿಮಿಷ ಬಿಟ್ಟು ನೋಡಿದರೆ ಚಿತ್ರ ತಿರುಗಾಮುರುಗಾ ಆಗಿದೆ: ನ್ಯೂಕ್ಲಿಯಸ್ ಹಸಿರು, ಸುತ್ತ ಕಪ್ಪು. ತಕ್ಷಣ ನೋಟ್‌ಬುಕ್‌ನಲ್ಲಿ ಬರೆಯಬೇಕು ಅನಿಸುತ್ತದೆ, ‘ಈ ಕೈನೇಸ್ ಪ್ರೋಟೀನನ್ನು ಒಳಗೆ ಹೋಗಲು ಬಿಡುತ್ತಿರಲಿಲ್ಲ’ ಅಂತ.

ಸ್ವಲ್ಪ ತಾಳಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಗುತ್ತದೆ. ಪ್ರೋಟೀನ್ ಎಲ್ಲಿದೆ ಅನ್ನುವುದು ಒಂದು ಪ್ರಶ್ನೆ, ಅಲ್ಲಿಗೆ ಹೇಗೆ ಬಂತು ಅನ್ನುವುದು ಬೇರೆಯೇ ಪ್ರಶ್ನೆ. ತೊಟ್ಟಿಯಲ್ಲಿ ನೀರು ಏರಿದೆ ಅಂದರೆ ನಲ್ಲಿ ಜೋರಾಗಿ ಬಿಟ್ಟಿರಬಹುದು, ಕೆಳಗಿನ ತೂತು ಮುಚ್ಚಿರಬಹುದು. ನ್ಯೂಕ್ಲಿಯಸ್‌ನದೂ ಅದೇ ಕಥೆ. ಒಳಗೆ ಬರುವ ವೇಗ, ಹೊರಗೆ ಹೋಗುವ ವೇಗ, ಎರಡೂ ಕಡೆ ಹಿಡಿದು ಕೂರಿಸುವ ಕೊಕ್ಕೆಗಳು, ಇಷ್ಟೂ ಸೇರಿ ಆ ಹಸಿರು ಚಿತ್ರ ಬರುತ್ತದೆ. ಫಾಸ್ಫೇಟ್ ಇದರಲ್ಲಿ ಯಾವುದನ್ನು ಮುಟ್ಟಿತು ಎಂದು ಬೇರ್ಪಡಿಸಿ ನೋಡುವುದೇ ಈ ಲೇಖನದ ಕೆಲಸ. ಕೋಶ ಸಾಕುವುದು, ಜೆಲ್ ಓಡಿಸುವುದು, ಬ್ಲಾಟ್ ಮಾಡುವುದು ಗೊತ್ತಿದೆ, ಆದರೆ ಈ ಬಗೆಯ ಪ್ರಯೋಗಕ್ಕೆ ಇದೇ ಮೊದಲ ಸಲ ಕೈ ಹಾಕುತ್ತಿದ್ದೀರಿ ಅಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಬಾಗಿಲಿನ ಪರಿಚಯ

ನ್ಯೂಕ್ಲಿಯಸ್ ಸುತ್ತ ಎರಡು ಪದರದ ಪೊರೆ ಇದೆ. ಅದರಲ್ಲಿ ಅಲ್ಲಲ್ಲಿ ರಂಧ್ರಗಳು. ಒಂದೊಂದು ರಂಧ್ರವೂ ಸುಮಾರು 30 ಬಗೆಯ ಪ್ರೋಟೀನ್‌ಗಳು ಸೇರಿ ಕಟ್ಟಿದ ದೊಡ್ಡ ರಚನೆ. ಅವುಗಳಿಗೆ ನ್ಯೂಕ್ಲಿಯೋಪೋರಿನ್ ಎಂದು ಹೆಸರು. ನಡುವಿನ ದಾರಿಯಲ್ಲಿ ಫಿನೈಲಲನೀನ್-ಗ್ಲೈಸೀನ್ ಜೋಡಿ ಮತ್ತೆ ಮತ್ತೆ ಬರುವ ಎಳೆಗಳು ಜೋತುಬಿದ್ದು ಜಾಲದ ಹಾಗೆ ಕೂತಿರುತ್ತವೆ. ಸಣ್ಣ ಪ್ರೋಟೀನ್‌ಗಳು ಈ ಜಾಲದಲ್ಲಿ ಸುಮ್ನೆ ನುಸುಳಿ ಹೋಗುತ್ತವೆ. ಸುಮಾರು 40 ಕಿಲೋಡಾಲ್ಟನ್ ದಾಟಿದ ಮೇಲೆ ಕಷ್ಟ. ಇದು ಗೆರೆ ಎಳೆದಂಥ ಗಡಿಯಲ್ಲ. ದೊಡ್ಡದಾದಷ್ಟೂ ನಿಧಾನ, ಅಷ್ಟೇ. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮುಂದೆ ಕಾಡುತ್ತದೆ.

ದೊಡ್ಡ ಪ್ರೋಟೀನ್ ಒಳಗೆ ಹೋಗಬೇಕಾದರೆ ಹೊತ್ತೊಯ್ಯುವವರು ಬೇಕು. ಪ್ರೋಟೀನಿನ ಮೇಲೆ ಎನ್‌ಎಲ್‌ಎಸ್ ಎಂಬ ಗುರುತು ಇರುತ್ತದೆ. ಹೆಚ್ಚಾಗಿ ಅದು ಲೈಸೀನ್, ಆರ್ಜಿನೀನ್ ತುಂಬಿದ, ಧನ ಆವೇಶದ ಸಣ್ಣ ತುಂಡು. ಇಂಪೋರ್ಟಿನ್ ಆಲ್ಫಾ ಅದನ್ನು ಹಿಡಿಯುತ್ತದೆ, ಇಂಪೋರ್ಟಿನ್ ಬೀಟಾ ಆಲ್ಫಾವನ್ನು ಹಿಡಿಯುತ್ತದೆ, ಮೂರೂ ಸೇರಿ ಜಾಲ ದಾಟುತ್ತವೆ. ಒಳಗೆ ರ್‍ಯಾನ್-ಜಿಟಿಪಿ (ಜಿಟಿಪಿ ಹೊತ್ತ ರ್‍ಯಾನ್ ಎಂಬ ಪ್ರೋಟೀನ್) ಬಂದು ಇಂಪೋರ್ಟಿನ್ ಬೀಟಾಕ್ಕೆ ಅಂಟಿಕೊಂಡು ಸರಕನ್ನು ಇಳಿಸುತ್ತದೆ. ರ್‍ಯಾನ್‌ಗೆ ಜಿಟಿಪಿ ತುಂಬುವ ಆರ್‌ಸಿಸಿ1 ಎಂಬ ಪ್ರೋಟೀನ್ ಕ್ರೊಮ್ಯಾಟಿನ್‌ಗೆ ಅಂಟಿಕೊಂಡೇ ಇರುತ್ತದೆ. ಆ ಜಿಟಿಪಿಯನ್ನು ಒಡೆಸುವ ರ್‍ಯಾನ್‌ಗ್ಯಾಪ್ ಹೊರಗಿರುತ್ತದೆ. ಹೀಗಾಗಿ ರ್‍ಯಾನ್-ಜಿಟಿಪಿ ಒಳಗೆ ಜಾಸ್ತಿ, ಹೊರಗೆ ಕಡಿಮೆ. ಸಾಗಾಟಕ್ಕೆ ದಿಕ್ಕು ಬರುವುದು ಈ ವ್ಯತ್ಯಾಸದಿಂದಲೇ. ಹೊರಗೆ ಕರೆದುಕೊಂಡು ಹೋಗುವ ಸಿಆರ್‌ಎಂ1 ಮುಂತಾದವೂ ಇದೇ ವ್ಯತ್ಯಾಸವನ್ನು ಉಲ್ಟಾ ಬಳಸಿಕೊಳ್ಳುತ್ತವೆ.

ಕೈನೇಸ್ ಇಲ್ಲಿ ಏನು ಮಾಡೀತು? ಅದು ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಸೆರೀನ್, ಥ್ರಿಯೋನೀನ್ ಅಥವಾ ಟೈರೋಸೀನ್ ಮೇಲೆ ಕೂರಿಸುತ್ತದೆ. ಕೋಶದೊಳಗಿನ ಪಿಎಚ್‌ನಲ್ಲಿ ಆ ಫಾಸ್ಫೇಟ್ ಹೆಚ್ಚೂಕಡಿಮೆ ಎರಡು ಋಣ ಆವೇಶ ಹೊತ್ತಿರುತ್ತದೆ. ಧನ ಆವೇಶದ ಗುರುತಿನ ಮಧ್ಯೆ ಎರಡು ಋಣ ಆವೇಶ ತಂದಿಟ್ಟರೆ ಹಿಡಿತ ಸಡಿಲವಾಗುತ್ತದೆ, ಅಲ್ವಾ? ಬಹಳ ಸಲ ಹೌದು. ಆದರೆ ಯಾವಾಗಲೂ ಅಲ್ಲ.

ಹೆಜ್ಜೆ 1: ಸರಣಿಯನ್ನು ಕಣ್ಣಾರೆ ಓದಿ

ಕಂಪ್ಯೂಟರ್ ಮುನ್ಸೂಚನೆ ಆಮೇಲೆ ನೋಡೋಣ. ಮೊದಲು ಪ್ರೋಟೀನಿನ ಅಮೈನೋ ಆಮ್ಲದ ಸಾಲನ್ನು ಕಾಗದದ ಮೇಲೆ ಇಳಿಸಿ, ಪೆನ್ಸಿಲ್ ಹಿಡಿದು ಕೂರಿ. ಅಭ್ಯಾಸಕ್ಕೆ ಎಸ್‌ವಿ40 ವೈರಸ್‌ನ ಟಿ-ಆಂಟಿಜೆನ್‌ಗಿಂತ ಒಳ್ಳೆಯ ಪಾಠ ಇಲ್ಲ. ಅದರ ಎನ್‌ಎಲ್‌ಎಸ್ 126ರಿಂದ 132ರವರೆಗಿನ ಏಳು ಅಕ್ಷರ: ಪಿ-ಕೆ-ಕೆ-ಕೆ-ಆರ್-ಕೆ-ವಿ. ಒಂದೊಂದು ಅಕ್ಷರ ಅಂದರೆ ಒಂದೊಂದು ಅಮೈನೋ ಆಮ್ಲ; ಕೆ ಲೈಸೀನ್, ಆರ್ ಆರ್ಜಿನೀನ್. ನಡುವಿನ 128ನೇ ಲೈಸೀನ್ ಒಂದನ್ನು ಬದಲಿಸಿದರೆ ಸಾಕು, ಪ್ರೋಟೀನ್ ಹೊರಗೇ ಉಳಿಯುತ್ತದೆ ಎಂದು 1984ರಲ್ಲೇ ತೋರಿಸಿದ್ದರು. ಈ ಕ್ಷೇತ್ರ ಶುರುವಾದದ್ದೇ ಹೆಚ್ಚೂಕಡಿಮೆ ಅಲ್ಲಿಂದ.

ಈಗ ಅದರ ಎಡಕ್ಕೆ ಸರಿಯಿರಿ. 111ರಿಂದ ಓದಿದರೆ ಹೀಗಿದೆ: ಎಸ್-ಎಸ್-ಡಿ-ಡಿ-ಇ, ಆಮೇಲೆ ಎ-ಟಿ-ಎ-ಡಿ-ಎಸ್-ಕ್ಯೂ-ಎಚ್-ಎಸ್-ಟಿ-ಪಿ, ಆಮೇಲೆ ಎನ್‌ಎಲ್‌ಎಸ್. ಮೊದಲ ಎರಡು ಸೆರೀನ್‌ಗಳ ಬಲಕ್ಕೆ ಆಮ್ಲೀಯ ಅಕ್ಷರಗಳು ಸಾಲಾಗಿ ನಿಂತಿವೆ. ಸೆರೀನಿನಿಂದ ಮೂರನೇ ಮನೆಯಲ್ಲಿ ಡಿ ಅಥವಾ ಇ ಇದ್ದರೆ ಸಿಕೆ2 ಎಂಬ ಕೈನೇಸ್‌ಗೆ ಪ್ರೀತಿ. 111 ಮತ್ತು 112, ಎರಡೂ ಸೆರೀನ್‌ಗಳು ಈ ನಿಯಮಕ್ಕೆ ಸರಿಹೊಂದುತ್ತವೆ. ಎಣಿಸಿ ನೋಡಿ. ಇನ್ನು 124ನೇ ಥ್ರಿಯೋನೀನ್. ಅದರ ಪಕ್ಕದಲ್ಲೇ ಪ್ರೋಲೀನ್ ಇದೆ. ಅದು ಸಿಡಿಕೆ1ರ ಜಾಗ.

ಇಬ್ಬರೂ ಮಾಡುವ ಕೆಲಸ ಒಂದೇ, ಫಾಸ್ಫೇಟ್ ಕೂರಿಸುವುದು. ಫಲಿತಾಂಶ ಮಾತ್ರ ತದ್ವಿರುದ್ಧ. ಸಿಕೆ2 ಕೂರಿಸಿದ ಫಾಸ್ಫೇಟ್ ಇಂಪೋರ್ಟಿನ್ ಹಿಡಿತವನ್ನು ಬಿಗಿ ಮಾಡುತ್ತದೆ, ಒಳಗೆ ಹೋಗುವ ವೇಗ ಏರುತ್ತದೆ. ಸಿಡಿಕೆ1 ಎನ್‌ಎಲ್‌ಎಸ್‌ನ ಮಗ್ಗುಲಲ್ಲೇ ಕೂರಿಸಿದ್ದು ಪ್ರೋಟೀನನ್ನು ಹೊರಗೆ ತಡೆಹಿಡಿಯುತ್ತದೆ. 13 ಅಕ್ಷರ ದೂರ ಇದ್ದರೆ ನೂಕು, ಪಕ್ಕದಲ್ಲಿದ್ದರೆ ಬ್ರೇಕ್. ಹಾಗಾಗಿ ‘ಋಣ ಆವೇಶ ಬಂತು, ಹಿಡಿತ ಹೋಯಿತು’ ಎಂಬ ಸುಲಭದ ಲೆಕ್ಕವನ್ನು ನಾನು ನಂಬುವುದು ಬಿಟ್ಟು ಬಹಳ ವರ್ಷವಾಯಿತು.

ನಿಮ್ಮ ಪ್ರೋಟೀನಿನಲ್ಲೂ ಹೀಗೆ ಮೂರು ಬಣ್ಣದ ಗುರುತು ಹಾಕಿ: ಧನ ಆವೇಶದ ಗುಂಪುಗಳು, ಅವುಗಳ ಒಳಗೆ ಅಥವಾ 30 ಅಕ್ಷರದ ಆಸುಪಾಸಿನಲ್ಲಿರುವ ಸೆರೀನ್-ಥ್ರಿಯೋನೀನ್‌ಗಳು, ಲ್ಯೂಸೀನ್ ಜಾಸ್ತಿ ಇರುವ ಹೊರಹೋಗುವ ಗುರುತು. ಆಮೇಲೆ ಎನ್‌ಎಲ್‌ಎಸ್ ಮುನ್ಸೂಚನೆ ಕೊಡುವ ತಾಣಗಳನ್ನೂ ಫಾಸ್ಫೋಸೈಟ್‌ಪ್ಲಸ್‌ನಂಥ ಸಂಗ್ರಹವನ್ನೂ ನೋಡಿ. ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ನಿಜವಾಗಿ ಕಂಡ ಜಾಗಕ್ಕೆ ಮೊದಲ ಮಣೆ, ಬರೀ ಮುನ್ಸೂಚನೆಗೆ ಆಮೇಲೆ.

ಹೆಜ್ಜೆ 2: ನಿಮ್ಮ ಪ್ರೋಟೀನ್ ಯಾವ ಜಾತಿಯ ಬೀಗ ಅಂತ ಊಹಿಸಿ

ಪ್ರಯೋಗಕ್ಕೆ ಇಳಿಯುವ ಮುಂಚೆ ಒಂದು ಊಹೆ ಬೇಕು. ಗೊತ್ತಿರುವ ಕೆಲವು ಮಾದರಿಗಳನ್ನು ಪಕ್ಕಕ್ಕಿಟ್ಟು ಹೋಲಿಸಿ.

ಗುರುತಿನ ಒಳಗೇ ಫಾಸ್ಫೇಟ್ ಬೀಳುವ ಮಾದರಿ ಎಲ್ಲಕ್ಕಿಂತ ಸರಳ. ಯೀಸ್ಟ್‌ನ ಎಸ್‌ಡಬ್ಲ್ಯುಐ5 ಹಾಗೆ. ಕೋಶ ವಿಭಜನೆಯ ಹೊತ್ತಿನಲ್ಲಿ ಸಿಡಿಸಿ28 ಕೈನೇಸ್ ಅದರ ಎನ್‌ಎಲ್‌ಎಸ್‌ಗೆ ಫಾಸ್ಫೇಟ್ ಹಾಕಿ ಹೊರಗಿಡುತ್ತದೆ, ವಿಭಜನೆ ಮುಗಿಯುವಾಗ ಸಿಡಿಸಿ14 ಫಾಸ್ಫಟೇಸ್ ಅದನ್ನು ಕೀಳುತ್ತದೆ, ಪ್ರೋಟೀನ್ ಒಳಗೆ ನುಗ್ಗುತ್ತದೆ. ನಮ್ಮ ಕೋಶಗಳಲ್ಲಿ ಪಿ27 ಎಂಬ ಪ್ರೋಟೀನಿನ 157ನೇ ಥ್ರಿಯೋನೀನ್ ಮೇಲೆ ಎಕೆಟಿ ಕೈನೇಸ್ ಮಾಡುವುದೂ ಇದನ್ನೇ. ಕೋಶ ವಿಭಜನೆಗೆ ಲಗಾಮು ಹಾಕಬೇಕಾದ ಪಿ27 ಹೊರಗೇ ಉಳಿದುಬಿಡುತ್ತದೆ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಇದನ್ನು ಕಂಡಿದ್ದಾರೆ.

ಎರಡನೆಯದರಲ್ಲಿ ಎನ್‌ಎಲ್‌ಎಸ್ ಚೆನ್ನಾಗಿಯೇ ಇರುತ್ತದೆ, ಮುಚ್ಚಿಟ್ಟಿರುತ್ತಾರೆ. ಎನ್‌ಎಫ್-ಕಪ್ಪಾಬಿಯನ್ನು ಐ-ಕಪ್ಪಾಬಿ ಎಂಬ ಪ್ರೋಟೀನ್ ಅಪ್ಪಿಕೊಂಡು ಅದರ ಗುರುತನ್ನು ಮರೆಮಾಡುತ್ತದೆ. ಐಕೆಕೆ ಕೈನೇಸ್ ಫಾಸ್ಫೇಟ್ ಹಾಕುವುದು ಸರಕಿನ ಮೇಲಲ್ಲ, ಈ ಅಪ್ಪಿಕೊಂಡವನ ಮೇಲೆ, 32 ಮತ್ತು 36ನೇ ಸೆರೀನ್‌ಗಳಲ್ಲಿ. ಆಮೇಲೆ ಯುಬಿಕ್ವಿಟಿನ್ ಅಂಟಿ ಪ್ರೋಟಿಯಸೋಮ್ ಅದನ್ನು ನುಂಗಿ ಹಾಕುತ್ತದೆ. ನಿಮ್ಮ ಪ್ರೋಟೀನಿನಲ್ಲಿ ಎಷ್ಟು ಹುಡುಕಿದರೂ ಫಾಸ್ಫೇಟ್ ಸಿಗುತ್ತಿಲ್ಲ, ಆದರೂ ಕೈನೇಸ್ ತಡೆದರೆ ಜಾಗ ಬದಲಾಗುತ್ತಿದೆ ಅಂದರೆ ಈ ಮಾದರಿ ನೆನಪಿಗೆ ಬರಲಿ.

ಎನ್‌ಫ್ಯಾಟ್‌ನಲ್ಲಿ ಹೀರೋ ಕೈನೇಸ್ ಅಲ್ಲ, ಫಾಸ್ಫೇಟ್ ಕೀಳುವ ಫಾಸ್ಫಟೇಸ್. ಟಿ-ಕೋಶದಲ್ಲಿ ಕ್ಯಾಲ್ಸಿಯಂ ಏರಿದಾಗ ಕ್ಯಾಲ್ಸಿನ್ಯೂರಿನ್ ಎಚ್ಚೆತ್ತು ಎನ್‌ಫ್ಯಾಟ್1ರ ಮೇಲಿನ 13 ಸೆರೀನ್‌ಗಳ ಫಾಸ್ಫೇಟ್ ತೆಗೆಯುತ್ತದೆ. ಒಳಹೋಗುವ ಗುರುತು ಬಯಲಾಗುತ್ತದೆ, ಹೊರಹೋಗುವ ಗುರುತು ಮುಚ್ಚುತ್ತದೆ. ಸೈಕ್ಲೋಸ್ಪೋರಿನ್ ಮತ್ತು ಎಫ್‌ಕೆ506 ಔಷಧಿಗಳು ಕ್ಯಾಲ್ಸಿನ್ಯೂರಿನ್ನನ್ನು ತಡೆಯುವುದರಿಂದ ಎನ್‌ಫ್ಯಾಟ್ ಒಳಗೆ ಹೋಗುವುದಿಲ್ಲ. ಅಂಗಕಸಿ ಮಾಡಿಸಿಕೊಂಡವರಿಗೆ ಇವನ್ನು ಕೊಡುವುದು ಇದಕ್ಕೇ. ಕ್ಯಾಲ್ಸಿಯಂ ಇಳಿದ ಮೇಲೆ ಜಿಎಸ್‌ಕೆ3, ಸಿಕೆ1, ಡೈರ್ಕ್ ಕೈನೇಸ್‌ಗಳು ಮತ್ತೆ ಫಾಸ್ಫೇಟ್ ಹಾಕಿ ಹೊರಗೆ ಕಳಿಸುತ್ತವೆ.

ಫಾಕ್ಸೋ ಪ್ರೋಟೀನ್‌ಗಳಿಗೆ ಎಕೆಟಿ ಫಾಸ್ಫೇಟ್ ಹಾಕಿದರೆ 14-3-3 ಎಂಬ ಪ್ರೋಟೀನ್ ಬಂದು ಅಂಟಿಕೊಂಡು ಹೊರಗೆ ಕಟ್ಟಿಹಾಕುತ್ತದೆ. ಸ್ಟ್ಯಾಟ್1ರಲ್ಲಿ ಇದರ ವಿರುದ್ಧ: 701ನೇ ಟೈರೋಸೀನ್ ಮೇಲೆ ಜ್ಯಾಕ್ ಕೈನೇಸ್ ಫಾಸ್ಫೇಟ್ ಹಾಕಿದಾಗ ಎರಡು ಸ್ಟ್ಯಾಟ್‌ಗಳು ಜೋಡಿಯಾಗಿ, ಇಂಪೋರ್ಟಿನ್ ಆಲ್ಫಾ5ಕ್ಕೆ ಹಿಡಿಯಲು ಬೇಕಾದ ಮೇಲ್ಮೈ ಆಗ ತಯಾರಾಗುತ್ತದೆ. ಮಧ್ಯೆ ಒಂದು ಮಾತು: ಇಂಪೋರ್ಟಿನ್ ಆಲ್ಫಾಗಳ ಹೆಸರು ದೊಡ್ಡ ಗೋಜಲು. ಮನುಷ್ಯರ ಆಲ್ಫಾ5 ಅಂದರೆ ಕೆಪಿಎನ್‌ಎ1 ಜೀನ್. ಪ್ಲಾಸ್ಮಿಡ್ ತರಿಸುವಾಗ ಜೀನ್ ಹೆಸರನ್ನೇ ಹೇಳಿ.

ನನಗೆ ಇವೆಲ್ಲಕ್ಕಿಂತ ಇಷ್ಟ ಯೀಸ್ಟ್‌ನ ಪಿಎಚ್‌ಓ4. ಕೋಶಕ್ಕೆ ಫಾಸ್ಫೇಟ್ ಆಹಾರ ಧಾರಾಳವಾಗಿ ಸಿಗುವಾಗ ಪಿಎಚ್‌ಓ80-ಪಿಎಚ್‌ಓ85 ಎಂಬ ಕೈನೇಸ್ ಜೋಡಿ ಇದರ ಐದು ಸೆರೀನ್‌ಗಳಿಗೆ ಫಾಸ್ಫೇಟ್ ಹಾಕುತ್ತದೆ. ಆ ಐದೂ (1, 2, 3, 4 ಮತ್ತು 6ನೇ ಜಾಗದವು) ಒಂದೇ ಕೆಲಸಕ್ಕಲ್ಲ. ಎರಡನೇ ಮತ್ತು ಮೂರನೇ ಜಾಗದ ಫಾಸ್ಫೇಟ್‌ಗಳು ಎಂಎಸ್‌ಎನ್5 ಎಂಬ ಹೊರಸಾಗಿಸುವವನಿಗೆ ಹಿಡಿಕೆ. ನಾಲ್ಕನೇ ಜಾಗದ್ದು ಪಿಎಸ್‌ಇ1 ಎಂಬ ಇಂಪೋರ್ಟಿನ್ ಹಿಡಿಯದ ಹಾಗೆ ಮಾಡುತ್ತದೆ. ಆರನೆಯದು ಸಾಗಾಟಕ್ಕೆ ಕೈ ಹಾಕುವುದಿಲ್ಲ. ಒಳಗಿನ ಜೊತೆಗಾರ ಪಿಎಚ್‌ಓ2 ಜೊತೆ ಸೇರುವುದನ್ನು ತಡೆಯುತ್ತದೆ. ಒಂದೇ ಕೈನೇಸ್, ಒಂದೇ ಪ್ರೋಟೀನ್, ಮೂರು ಬೇರೆ ಬೇರೆ ಬೀಗ. ಇದನ್ನು 1999ರಲ್ಲಿ ಬಿಡಿಸಿ ತೋರಿಸಿದ ರೀತಿ ನೋಡಿ: ಒಂದೊಂದೇ ಸೆರೀನ್ ಬದಲಿಸಿ, ಒಂದೊಂದೇ ಹೆಜ್ಜೆಯನ್ನು ಬೇರೆಯಾಗಿ ಅಳೆದರು. ಬರೀ ‘ಫಾಸ್ಫೇಟ್ ಇಲ್ಲದ್ದು ಒಳಗಿದೆ’ ಅಂತ ನಿಲ್ಲಿಸಿದ್ದರೆ ಮುಕ್ಕಾಲು ಕಥೆ ಕೈತಪ್ಪುತ್ತಿತ್ತು.

ಹೆಜ್ಜೆ 3: ಫಾಸ್ಫೇಟ್ ನಿಜವಾಗಿ ಇದೆಯೇ?

ಇಲ್ಲಿ ನನ್ನದೇ ಎಡವಟ್ಟು ಹೇಳಬೇಕು. ಶುರುವಿನಲ್ಲಿ ಮೂರು ವಾರ ನನ್ನ ಪ್ರೋಟೀನಿನಲ್ಲಿ ಫಾಸ್ಫೇಟೇ ಇಲ್ಲ ಅಂತ ಕೂತಿದ್ದೆ. ಕಾರಣ ಏನಪ್ಪಾ ಅಂದರೆ, ಕೋಶ ಒಡೆಯುವ ಬಫರ್‌ಗೆ ಪ್ರೋಟಿಯೇಸ್ ತಡೆಯುವ ಮಾತ್ರೆ ಹಾಕುತ್ತಿದ್ದೆ, ಫಾಸ್ಫಟೇಸ್ ತಡೆಯುವುದನ್ನು ಹಾಕಿರಲಿಲ್ಲ. ಕೋಶ ಒಡೆದ ಕ್ಷಣದಿಂದ ಅದರ ಫಾಸ್ಫಟೇಸ್‌ಗಳು ಸಿಕ್ಕಿದ್ದನ್ನೆಲ್ಲ ಬೋಳಿಸುತ್ತವೆ, ಐಸ್ ಮೇಲಿಟ್ಟರೂ ಪೂರ್ತಿ ನಿಲ್ಲುವುದಿಲ್ಲ.

ಹಾಗಾಗಿ ಬಫರ್‌ಗೆ ಸೋಡಿಯಂ ಫ್ಲೋರೈಡ್, ಬೀಟಾ-ಗ್ಲಿಸರೋಫಾಸ್ಫೇಟ್, ಸೋಡಿಯಂ ಆರ್ಥೋವೆನಡೇಟ್ ಮೂರೂ ಹಾಕಿ. ಮೊದಲೆರಡು ಸೆರೀನ್-ಥ್ರಿಯೋನೀನ್ ಫಾಸ್ಫಟೇಸ್‌ಗಳಿಗೆ, ಮೂರನೆಯದು ಟೈರೋಸೀನ್‌ನವುಗಳಿಗೆ. ವೆನಡೇಟ್ ಪುಡಿಯನ್ನು ಸುಮ್ನೆ ಕರಗಿಸಿ ಹಾಕಿದರೆ ಕೆಲಸ ಮಾಡದು. ಪಿಎಚ್ 10ಕ್ಕೆ ತಂದರೆ ಹಳದಿ ಬಣ್ಣ ಬರುತ್ತದೆ. ಬಣ್ಣ ಹೋಗುವವರೆಗೆ ಕುದಿಸಿ, ಆರಿಸಿ, ಮತ್ತೆ ಪಿಎಚ್ 10ಕ್ಕೆ ತನ್ನಿ. ಕುದಿಸಿದ ಮೇಲೂ ಬಣ್ಣ ಇಲ್ಲದೆ ಪಿಎಚ್ 10ರಲ್ಲೇ ನಿಂತರೆ ತಯಾರಾಯಿತು. ಬಫರ್‌ನಲ್ಲಿ ಡಿಟಿಟಿ ಅಥವಾ ಇಡಿಟಿಎ ಇದ್ದರೆ ಅವು ವೆನಡೇಟನ್ನು ಕೆಡಿಸುತ್ತವೆ.

ಫಾಸ್ಫೇಟ್ ನೋಡಲು ಫಾಸ್-ಟ್ಯಾಗ್ ಜೆಲ್ ನನ್ನ ಮೊದಲ ಆಯ್ಕೆ. ಮಾಮೂಲಿ ಜೆಲ್‌ಗೆ ಫಾಸ್ಫೇಟನ್ನು ಹಿಡಿಯುವ ಫಾಸ್-ಟ್ಯಾಗ್ ಎಂಬ ವಸ್ತು ಮತ್ತು ಮ್ಯಾಂಗನೀಸ್ ಬೆರೆಸಿದರೆ ಫಾಸ್ಫೇಟ್ ಹೊತ್ತ ಪ್ರೋಟೀನ್ ಹಿಂದೆ ಬೀಳುತ್ತದೆ, ಪಟ್ಟಿಗಳು ಬೇರೆಯಾಗಿ ಕಾಣುತ್ತವೆ. ಸ್ಯಾಂಪಲ್‌ನಲ್ಲಿ ಇಡಿಟಿಎ ಇದ್ದರೆ ಅದು ಮ್ಯಾಂಗನೀಸನ್ನು ಕಸಿದುಕೊಂಡು ಪಟ್ಟಿಗಳು ಅಡ್ಡಾದಿಡ್ಡಿ ಆಗುತ್ತವೆ. ಓಡಿಸಿದ ಮೇಲೆ, ಪೊರೆಗೆ ವರ್ಗಾಯಿಸುವ ಮುಂಚೆ, ಅದೇ ಇಡಿಟಿಎಯಲ್ಲಿ ಜೆಲ್ಲನ್ನು ನೆನೆಸಿ ಮ್ಯಾಂಗನೀಸ್ ತೆಗೆಯಬೇಕು. ಇದನ್ನು ಮರೆತರೆ ಪ್ರೋಟೀನ್ ಜೆಲ್ಲಿನಲ್ಲೇ ಕೂತಿರುತ್ತದೆ. ಇನ್ನು, ಬಣ್ಣದ ಮಾರ್ಕರ್ ನೋಡಿ ಈ ಜೆಲ್‌ನಲ್ಲಿ ತೂಕ ಓದಬೇಡಿ, ಆ ಅಳತೆಗೆ ಇಲ್ಲಿ ಅರ್ಥ ಇಲ್ಲ.

ಪಕ್ಕದ ಲೇನಿನಲ್ಲಿ ಲ್ಯಾಂಬ್ಡಾ ಫಾಸ್ಫಟೇಸ್ ಹಾಕಿದ ಸ್ಯಾಂಪಲ್ ಇರಲೇಬೇಕು. ಮೇಲಿನ ಪಟ್ಟಿ ಅಲ್ಲಿ ಕೆಳಗಿಳಿದರೆ ಅದು ಫಾಸ್ಫೇಟೇ. ಈ ಒಂದು ಸ್ಯಾಂಪಲ್‌ಗೆ ಮಾತ್ರ ಫಾಸ್ಫಟೇಸ್ ತಡೆಗಳನ್ನು ಹಾಕಬೇಡಿ, ಇಲ್ಲದಿದ್ದರೆ ಲ್ಯಾಂಬ್ಡಾವೂ ಸತ್ತ ಹಾಗೆ.

ಹೆಜ್ಜೆ 4: ಹೊಳೆಯುವ ಬಾಲದ ತೂಕ ನೋಡಿ

ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನ್ 27 ಕಿಲೋಡಾಲ್ಟನ್. ಒಂಟಿಯಾಗಿದ್ದರೆ ನ್ಯೂಕ್ಲಿಯಸ್ ಒಳಗೂ ಹೊರಗೂ ಆರಾಮಾಗಿ ಓಡಾಡುತ್ತದೆ. ನಿಮ್ಮ ಎನ್‌ಎಲ್‌ಎಸ್ ತುಂಡನ್ನು ಅದಕ್ಕೆ ಅಂಟಿಸಿದರೂ ಒಟ್ಟು ತೂಕ 30ರ ಆಸುಪಾಸು. ಇಂಪೋರ್ಟಿನ್ ಇಲ್ಲದೆಯೂ ಒಳಗೆ ಸೇರುತ್ತದೆ, ಏನು ಅಳೆದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಸಣ್ಣ ತುಂಡುಗಳಿಗೆ ಎರಡು ಮೂರು ಜಿಎಫ್‌ಪಿ ಸಾಲಾಗಿ ಜೋಡಿಸಿ, ಅಥವಾ ಬೀಟಾ-ಗ್ಯಾಲಕ್ಟೋಸಿಡೇಸ್ ಸೇರಿಸಿ. ಅದರ ಒಂದು ಉಪಘಟಕವೇ 116 ಕಿಲೋಡಾಲ್ಟನ್, ನಾಲ್ಕು ಸೇರಿ ಇರುತ್ತವೆ, ಹಿಂಬಾಗಿಲಿನಿಂದ ನುಸುಳುವ ಮಾತೇ ಇಲ್ಲ.

ಪ್ರೋಟೀನನ್ನು ಅತಿಯಾಗಿ ತಯಾರಿಸಬೇಡಿ. ಕಣ್ಣು ಕುಕ್ಕುವ ಹಾಗೆ ಹೊಳೆಯುವ ಕೋಶಗಳಲ್ಲಿ ಇಂಪೋರ್ಟಿನ್, ಕೈನೇಸ್, 14-3-3 ಯಾವುದೂ ಸಾಲುವುದಿಲ್ಲ. ಮಂಕಾಗಿ ಹೊಳೆಯುವ ಕೋಶಗಳನ್ನೇ ಎಣಿಸಿ.

ಹೆಜ್ಜೆ 5: ಸೆರೀನ್ ಬದಲಿಸಿ, ಆದರೆ ನಂಬಿ ಕೆಡಬೇಡಿ

ಸೆರೀನನ್ನು ಅಲನೀನ್ ಮಾಡಿದರೆ ಫಾಸ್ಫೇಟ್ ಕೂರಲು ಜಾಗವೇ ಇಲ್ಲ. ಆಸ್ಪಾರ್ಟೇಟ್ ಅಥವಾ ಗ್ಲುಟಮೇಟ್ ಮಾಡಿದರೆ ಫಾಸ್ಫೇಟ್ ಇದ್ದ ಹಾಗೆ ನಟಿಸುತ್ತದೆ ಅನ್ನುತ್ತಾರೆ. ಎರಡೂ ಮಾಡಿ. ಒಂದು ಒಳಗೆ, ಒಂದು ಹೊರಗೆ ಬಂದರೆ ಕಥೆ ಚೆನ್ನಾಗಿ ಹೊಂದುತ್ತದೆ.

ತೊಂದರೆ ಇರುವುದು ನಟನೆಯಲ್ಲಿ. ಆಸ್ಪಾರ್ಟೇಟ್‌ಗೆ ಒಂದೇ ಋಣ ಆವೇಶ, ಫಾಸ್ಫೇಟ್‌ಗೆ ಎರಡು. ಆಕಾರವೂ ಬೇರೆ. ಕೇವಲ ಆವೇಶದ ತಳ್ಳಾಟದಿಂದ ನಡೆಯುವ ಕಡೆ ಹೇಗೋ ನಡೆಯುತ್ತದೆ. ಆದರೆ 14-3-3 ನಿಜವಾದ ಫಾಸ್ಫೇಟನ್ನೇ ಕೈಯಿಟ್ಟು ತಡವಿ ಹಿಡಿಯುತ್ತದೆ, ಆಸ್ಪಾರ್ಟೇಟನ್ನು ಸಾಮಾನ್ಯವಾಗಿ ಕಣ್ಣೆತ್ತಿಯೂ ನೋಡುವುದಿಲ್ಲ. ಫಾಕ್ಸೋ ಥರದ ಪ್ರೋಟೀನಿನಲ್ಲಿ ಎರಡೂ ಬದಲಾವಣೆಗಳು ಒಂದೇ ರೀತಿ ಕಂಡರೆ ‘ಫಾಸ್ಫೇಟ್‌ಗೆ ಪಾತ್ರ ಇಲ್ಲ’ ಅಂತ ಬರೆಯಬೇಡಿ. ಬಹುಶಃ ನಟ ಕೆಟ್ಟವನು. ಇನ್ನೊಂದು ಎಚ್ಚರ: ಎನ್‌ಎಲ್‌ಎಸ್‌ನ ಒಳಗಿನ ಸೆರೀನ್ ಬದಲಿಸುವಾಗ ಇಂಪೋರ್ಟಿನ್ ಹಿಡಿಯುವ ಜಾಗವನ್ನೇ ಕೆಡಿಸಿರಬಹುದು.

ಹೆಜ್ಜೆ 6: ಚಿತ್ರವಲ್ಲ, ವೇಗ

ಒಂದೊಂದು ಕೋಶದಲ್ಲೂ ನ್ಯೂಕ್ಲಿಯಸ್‌ನ ಹೊಳಪನ್ನು ಸೈಟೋಪ್ಲಾಸಂನ ಹೊಳಪಿನಿಂದ ಭಾಗಿಸಿ. ಎರಡರಿಂದಲೂ ಮೊದಲು ಹಿನ್ನೆಲೆಯ ಹೊಳಪು ಕಳೆಯಿರಿ. ಇದನ್ನು ಮರೆತರೆ ಎಲ್ಲ ಅನುಪಾತಗಳೂ 1ರ ಕಡೆಗೆ ಜಾರುತ್ತವೆ. ಯಾವ ಬಟ್ಟಲು ಯಾವುದು ಎಂದು ಗೊತ್ತಿಲ್ಲದ ಗೆಳೆಯರಿಂದ ಗುರುತು ಹಾಕಿಸಿದರೆ ಇನ್ನೂ ಒಳ್ಳೆಯದು.

ಈಗ ಮುಖ್ಯವಾದ ಪ್ರಯೋಗ. ಲೆಪ್ಟೋಮೈಸಿನ್ ಬಿ ಎಂಬ ವಸ್ತು ಸಿಆರ್‌ಎಂ1ರ 528ನೇ ಸಿಸ್ಟೀನ್‌ಗೆ ಅಂಟಿ ಆ ದಾರಿಯ ಹೊರಸಾಗಾಟ ನಿಲ್ಲಿಸುತ್ತದೆ. ಕೆಲವು ನ್ಯಾನೋಮೋಲಾರ್ ಸಾಕು. ತೂತು ಮುಚ್ಚಿದ ಮೇಲೆ ತೊಟ್ಟಿ ಎಷ್ಟು ಬೇಗ ತುಂಬುತ್ತದೆ ಎಂದು ನೋಡಿದರೆ ನಲ್ಲಿಯ ವೇಗ ತಿಳಿಯುತ್ತದೆ. ಅಲನೀನ್ ಪ್ರೋಟೀನ್ ಮತ್ತು ಮೂಲ ಪ್ರೋಟೀನ್ ಎರಡಕ್ಕೂ ಇದನ್ನು ಹಾಕಿ ಐದೈದು ನಿಮಿಷಕ್ಕೆ ಚಿತ್ರ ತೆಗೆಯಿರಿ. ಎರಡೂ ಒಂದೇ ವೇಗದಲ್ಲಿ ತುಂಬಿದರೆ ಫಾಸ್ಫೇಟ್ ಮುಟ್ಟಿದ್ದು ಹೊರಹೋಗುವ ದಾರಿಯನ್ನು. ಅಲನೀನ್‌ನದು ಬೇಗ, ಮೂಲದ್ದು ನಿಧಾನ ಅಂದರೆ ಒಳಬರುವ ಹೆಜ್ಜೆ ಅಥವಾ ಹೊರಗಿನ ಕೊಕ್ಕೆಯ ಮೇಲೆ ಅನುಮಾನ. ಲೆಪ್ಟೋಮೈಸಿನ್ ಹಾಕಿದರೂ ಏನೂ ಅಲುಗಾಡದಿದ್ದರೆ ನಿಮ್ಮ ಪ್ರೋಟೀನ್ ಹೊರಗೆ ಹೋಗಲು ಸಿಆರ್‌ಎಂ1 ಬಳಸದೇ ಇರಬಹುದು, ಅಥವಾ ಅದು ಮೊದಲಿನಿಂದಲೂ ಒಳಗೆ ಬಂದೇ ಇಲ್ಲ.

ಫ್ರ್ಯಾಪ್ ಸೌಲಭ್ಯ ಇದ್ದರೆ ನ್ಯೂಕ್ಲಿಯಸ್‌ನ ಹೊಳಪನ್ನು ಲೇಸರ್‌ನಿಂದ ಸುಟ್ಟು, ಮತ್ತೆ ಎಷ್ಟು ಬೇಗ ತುಂಬುತ್ತದೆ ಎಂದು ಅದೇ ಕೋಶದಲ್ಲಿ ಅಳೆಯಬಹುದು. ಕೋಶ ಒಡೆದು ಭಾಗ ಮಾಡಿ ಬ್ಲಾಟ್ ಮಾಡುವುದು ಪೂರಕ ಸಾಕ್ಷಿ, ಅಷ್ಟಕ್ಕೇ ಇರಲಿ. ನ್ಯೂಕ್ಲಿಯಸ್‌ನ ಲ್ಯಾಮಿನ್ ಒಂದು ಕಡೆ, ಸೈಟೋಪ್ಲಾಸಂನ ಟ್ಯೂಬ್ಯುಲಿನ್ ಇನ್ನೊಂದು ಕಡೆ ಚೊಕ್ಕಟವಾಗಿ ಬಂದಿಲ್ಲ ಅಂದರೆ ಆ ಬ್ಲಾಟ್ ಬಿಸಾಡಿ.

ಹೆಜ್ಜೆ 7: ಕೈನೇಸ್ ಯಾರು?

ಒಂದು ಔಷಧಿಯಿಂದ ಒಂದು ಕೈನೇಸನ್ನು ಹಿಡಿದೆ ಅನ್ನುವವರನ್ನು ನಾನು ನಂಬುವುದಿಲ್ಲ. ಸ್ಟೌರೋಸ್ಪೋರಿನ್ ಸಿಕ್ಕಸಿಕ್ಕ ಕೈನೇಸ್‌ಗಳನ್ನೆಲ್ಲ ತಡೆಯುತ್ತದೆ. ‘ಯಾವುದೋ ಕೈನೇಸ್ ಇದೆ’ ಎನ್ನಲು ಮಾತ್ರ ಅದು ಸಾಕು. ರಚನೆಯಲ್ಲಿ ಸಂಬಂಧವೇ ಇಲ್ಲದ ಎರಡು ಔಷಧಿಗಳಿಂದ ಒಂದೇ ಉತ್ತರ ಬರಬೇಕು. ಅದರ ಜೊತೆ ಆ ಕೈನೇಸನ್ನು ಆರ್‌ಎನ್‌ಎಐ ಅಥವಾ ಕ್ರಿಸ್ಪರ್‌ನಿಂದ ಕಡಿಮೆ ಮಾಡಿ, ಔಷಧಿ ಹಿಡಿಯದ ಹಾಗೆ ಬದಲಿಸಿದ ಕೈನೇಸನ್ನು ವಾಪಸ್ ಕೊಟ್ಟು ನೋಡಿ. ಕೊನೆಗೆ ಶುದ್ಧ ಕೈನೇಸ್ ಮತ್ತು ಶುದ್ಧ ಪ್ರೋಟೀನ್ ಎರಡನ್ನೇ ಟ್ಯೂಬಿನಲ್ಲಿ ಸೇರಿಸಿ, ಫಾಸ್ಫೇಟ್ ಅದೇ ಸೆರೀನ್ ಮೇಲೆ ಕೂತಿತೇ ಎಂದು ಮಾಸ್ ಸ್ಪೆಕ್‌ನಲ್ಲಿ ಪರೀಕ್ಷಿಸಿ. ಟ್ಯೂಬಿನಲ್ಲಿ ಆಗುವುದೆಲ್ಲ ಕೋಶದಲ್ಲಿ ಆಗುವುದಿಲ್ಲ. ಇದೂ ಒಂಟಿಯಾಗಿ ನಿಲ್ಲುವ ಸಾಕ್ಷಿ ಅಲ್ಲ.

ಫಾಸ್ಫಟೇಸ್‌ಗಳನ್ನು ಮರೆಯುವವರೇ ಜಾಸ್ತಿ. ಓಕಡೈಕ್ ಆಮ್ಲ ಕಡಿಮೆ ಪ್ರಮಾಣದಲ್ಲಿ ಪಿಪಿ2ಎಯನ್ನು, ಜಾಸ್ತಿ ಹಾಕಿದರೆ ಪಿಪಿ1ನ್ನೂ ತಡೆಯುತ್ತದೆ. ಕ್ಯಾಲ್ಸಿನ್ಯೂರಿನ್ ಇದಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ, ಅದಕ್ಕೆ ಸೈಕ್ಲೋಸ್ಪೋರಿನ್ ಬಳಸಿ.

ಹೆಜ್ಜೆ 8: ಕೋಶದ ಹೊರಪೊರೆ ತೆಗೆದು ನೋಡುವುದು

1990ರಲ್ಲಿ ಬಂದ ಈ ವಿಧಾನ ಇವತ್ತಿಗೂ ಹಳೆಯದಾಗಿಲ್ಲ. ಡಿಜಿಟೋನಿನ್ ಎಂಬ ಮಾರ್ಜಕ ಕೊಲೆಸ್ಟರಾಲ್ ಜಾಸ್ತಿ ಇರುವ ಹೊರಪೊರೆಯನ್ನು ಮಾತ್ರ ತೂತು ಮಾಡುತ್ತದೆ. ನ್ಯೂಕ್ಲಿಯಸ್‌ನ ಪೊರೆಯಲ್ಲಿ ಕೊಲೆಸ್ಟರಾಲ್ ಕಡಿಮೆ, ಹಾಗಾಗಿ ಅದು ಉಳಿಯುತ್ತದೆ. ಸೈಟೋಪ್ಲಾಸಂನ ಕರಗಿದ ಪ್ರೋಟೀನ್‌ಗಳೆಲ್ಲ ತೊಳೆದು ಹೋಗುತ್ತವೆ. ಆಮೇಲೆ ಏನು ಬೇಕೋ ಅದನ್ನು ನೀವೇ ಹಾಕಬಹುದು: ಇಂಪೋರ್ಟಿನ್‌ಗಳು, ರ್‍ಯಾನ್, ಜಿಟಿಪಿ, ನಿಮ್ಮ ಪ್ರೋಟೀನ್.

ಮಿಲಿಲೀಟರ್‌ಗೆ 40 ಮೈಕ್ರೋಗ್ರಾಂ ಆಸುಪಾಸಿನಿಂದ ಶುರು ಮಾಡಿ, ಐಸ್ ಮೇಲೆ ಐದು ನಿಮಿಷ. ಡಿಜಿಟೋನಿನ್ ಒಂದೊಂದು ಬಾಟಲಿಗೆ ಒಂದೊಂದು ಥರ, ಕೋಶವೂ ಅಷ್ಟೇ. ಹೊಸ ಬಾಟಲಿ ತೆರೆದಾಗಲೆಲ್ಲ ಪ್ರಮಾಣ ಮತ್ತೆ ಹುಡುಕಬೇಕು. ಸರಿ ಇದೆಯೋ ಇಲ್ಲವೋ ನೋಡಲು 70 ಕಿಲೋಡಾಲ್ಟನ್‌ನ ಹೊಳೆಯುವ ಡೆಕ್ಸ್‌ಟ್ರಾನ್ ಹಾಕಿ. ಸೈಟೋಪ್ಲಾಸಂ ತುಂಬಿ ನ್ಯೂಕ್ಲಿಯಸ್ ಕಪ್ಪಾಗಿ ಉಳಿದರೆ ಹದ ಸರಿಯಾಗಿದೆ. ನ್ಯೂಕ್ಲಿಯಸ್ಸೂ ಹೊಳೆದರೆ ಹರಿದಿದೆ. ಕೋಶವೇ ಕಪ್ಪಾಗಿದ್ದರೆ ಡಿಜಿಟೋನಿನ್ ಸಾಲದು. ಗೋಧಿ ಮೊಳಕೆಯ ಅಗ್ಲುಟಿನಿನ್ ಹಾಕಿದ ಒಂದು ಬಟ್ಟಲೂ ಇರಲಿ; ಅದು ರಂಧ್ರದ ಸಕ್ಕರೆ ಹೊತ್ತ ಪ್ರೋಟೀನ್‌ಗಳಿಗೆ ಅಂಟಿ ದಾರಿ ಮುಚ್ಚುತ್ತದೆ, ನಿಜವಾದ ಸಾಗಾಟ ನಿಲ್ಲಬೇಕು.

ಇಲ್ಲಿ ಒಂದು ಬಲೆ ಇದೆ. ಇಂಪೋರ್ಟಿನ್ ಬದಲು ಮೊಲದ ರೆಟಿಕ್ಯುಲೋಸೈಟ್ ಲೈಸೇಟ್ ಹಾಕುವುದು ರೂಢಿ, ಅಗ್ಗವೂ ಹೌದು. ಆದರೆ ಅದರಲ್ಲಿ ಕೈನೇಸ್‌ಗಳೂ ಫಾಸ್ಫಟೇಸ್‌ಗಳೂ ತುಂಬಿವೆ, ಜೊತೆಗೆ ನೀವೇ ಎಟಿಪಿ ಕೊಟ್ಟಿರುತ್ತೀರಿ. ಫಾಸ್ಫೇಟ್ ಇಲ್ಲದ ಪ್ರೋಟೀನ್ ಹಾಕಿದೆ ಅಂದುಕೊಂಡಿರುತ್ತೀರಿ, ಹತ್ತು ನಿಮಿಷದಲ್ಲಿ ಅದು ಫಾಸ್ಫೇಟ್ ಹೊತ್ತಿರುತ್ತದೆ. ಫಾಸ್ಫೇಟ್‌ನ ಪಾತ್ರ ಹುಡುಕುವಾಗ ಶುದ್ಧ ಇಂಪೋರ್ಟಿನ್‌ಗಳನ್ನೇ ಬಳಸಿ. ರಂಧ್ರ ದಾಟುವ ಕೆಲಸಕ್ಕೆ ಬೇಕಿರುವುದು ರ್‍ಯಾನ್‌ನ ಜಿಟಿಪಿ, ಎಟಿಪಿ ಅಲ್ಲ.

ಕೈಯಲ್ಲಿ ಶುದ್ಧ ಇಂಪೋರ್ಟಿನ್ ಆಲ್ಫಾ ಇರುವಾಗ ಫಾಸ್ಫೇಟ್ ಇರುವ ಮತ್ತು ಇಲ್ಲದ ಪ್ರೋಟೀನ್‌ಗಳ ಹಿಡಿತವನ್ನೂ ಹೋಲಿಸಿಬಿಡಿ. ಒಂದು ವಿಷಯ: ಇಂಪೋರ್ಟಿನ್ ಆಲ್ಫಾದ ಮುಂತುದಿಯ ತುಂಡು ಅದರದೇ ಎನ್‌ಎಲ್‌ಎಸ್ ಜಾಗಕ್ಕೆ ಮಡಚಿ ಕೂರುತ್ತದೆ. ಬೀಟಾ ಇಲ್ಲದೆ ಪ್ರಯೋಗ ಮಾಡುವುದಾದರೆ ಆ ತುಂಡು ಕತ್ತರಿಸಿದ ರೂಪ ಬೇಕು.

ಹೆಜ್ಜೆ 9: ಬಾಗಿಲೇ ಬದಲಾಗಿದೆಯೇ?

ಕೈನೇಸ್ ನಿಮ್ಮ ಪ್ರೋಟೀನನ್ನು ಮುಟ್ಟದೆ ರಂಧ್ರವನ್ನೇ ಮುಟ್ಟಬಹುದು. ಇಆರ್‌ಕೆ ಕೈನೇಸ್ ನಪ್50 ಎಂಬ ನ್ಯೂಕ್ಲಿಯೋಪೋರಿನ್‌ಗೆ ಫಾಸ್ಫೇಟ್ ಹಾಕಿದರೆ ಅದಕ್ಕೆ ಇಂಪೋರ್ಟಿನ್ ಬೀಟಾ ಮೇಲಿನ ಹಿಡಿತ ಕಡಿಮೆಯಾಗುತ್ತದೆ. ಎನ್ಸೆಫಲೋಮಯೋಕಾರ್ಡಿಟಿಸ್ ವೈರಸ್ ಇನ್ನೂ ಒಂದು ಹೆಜ್ಜೆ ಮುಂದೆ: ತನ್ನ ಒಂದು ಪುಟ್ಟ ಪ್ರೋಟೀನಿನಿಂದ ಕೋಶದ ಕೈನೇಸ್‌ಗಳನ್ನೇ ಎತ್ತಿಕಟ್ಟಿ ನ್ಯೂಕ್ಲಿಯೋಪೋರಿನ್‌ಗಳಿಗೆ ವಿಪರೀತ ಫಾಸ್ಫೇಟ್ ಹಾಕಿಸಿ ಸಾಗಾಟವನ್ನು ಹಾಳು ಮಾಡುತ್ತದೆ.

ಇದನ್ನು ತಳ್ಳಿಹಾಕಲು ಖರ್ಚು ಜಾಸ್ತಿ ಇಲ್ಲ. ಅದೇ ಬಟ್ಟಲಿಗೆ, ಅದೇ ಕೋಶಗಳಿಗೆ, ಬರೀ ಪಿ-ಕೆ-ಕೆ-ಕೆ-ಆರ್-ಕೆ-ವಿ ಅಂಟಿಸಿದ, ಪಕ್ಕದ ಸಿಕೆ2 ಮತ್ತು ಸಿಡಿಕೆ1 ಜಾಗಗಳಿಲ್ಲದ, ಕೆಂಪಾಗಿ ಹೊಳೆಯುವ ದೊಡ್ಡ ಪ್ರೋಟೀನ್ ಒಂದನ್ನು ಸೇರಿಸಿ. ಔಷಧಿ ಹಾಕಿದಾಗ ಹಸಿರು ಜಾಗ ಬದಲಿಸಿ ಕೆಂಪು ಇದ್ದಲ್ಲೇ ಇದ್ದರೆ ಬದಲಾವಣೆ ನಿಮ್ಮ ಪ್ರೋಟೀನಿನದು. ಎರಡೂ ಒಟ್ಟಿಗೆ ಅಲುಗಾಡಿದರೆ ಮತ್ತೆ ಮೊದಲ ಪುಟಕ್ಕೆ ಹೋಗಿ, ಔಷಧಿಯ ಪ್ರಮಾಣ ಅರ್ಧ ಮಾಡಿ, ಕೋಶಗಳು ಬದುಕಿವೆಯೇ ಎಂದು ನೋಡಿ.